ಸ್ತನ ಮರುನಿರ್ಮಾಣ: ಇಂಪ್ಲಾಂಟ್‌ಗೆ ಸೋಂಕು ತಗುಲಿದರೆ ಚಿಕಿತ್ಸೆ ಏನು? ಉಳಿಸಿಕೊಳ್ಳಲು ಸಾಧ್ಯವೇ?

ಕ್ಯಾನ್ಸರ್‌ನಿಂದಾಗಿ ಸ್ತನ ತೆಗೆಸಿಕೊಂಡ ಮಹಿಳೆಯರಿಗೆ ಸಿಲಿಕಾನ್ ಇಂಪ್ಲಾಂಟ್ ಇರಿಸಿ ಸ್ತನವನ್ನು ಮರುನಿರ್ಮಿಸುವ ಶಸ್ತ್ರಚಿಕಿತ್ಸೆ ಈಗ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಲಭ್ಯವಿದೆ. ಇದರಲ್ಲಿ ವೈದ್ಯರನ್ನು ಹೆಚ್ಚು ಕಾಡುವ ತೊಡಕು ಸೋಂಕು. ಸೌಂದರ್ಯಕ್ಕಾಗಿ ಹಾಕಿಸಿಕೊಳ್ಳುವ ಇಂಪ್ಲಾಂಟ್‌ಗೆ ಹೋಲಿಸಿದರೆ ಇಲ್ಲಿ ಸೋಂಕಿನ ಸಾಧ್ಯತೆ ಹಲವು ಪಟ್ಟು ಹೆಚ್ಚು. ಸ್ತನದ ಅಂಗಾಂಶವನ್ನೆಲ್ಲ ತೆಗೆದ ಮೇಲೆ ಇಂಪ್ಲಾಂಟ್ ಮೇಲೆ ಉಳಿಯುವುದು ತೆಳುವಾದ ಚರ್ಮ; ಅದಕ್ಕೆ ರಕ್ತ ಸಂಚಾರವೂ ಕಡಿಮೆ. ಮಧುಮೇಹ, ಧೂಮಪಾನ, ಬೊಜ್ಜು, ರೇಡಿಯೇಷನ್ ಇದ್ದರೆ ಅಪಾಯ ಇನ್ನೂ ಹೆಚ್ಚುತ್ತದೆ.

ಸ್ತನ ಕೆಂಪಾಗುವುದು, ಬಿಸಿಯಾಗುವುದು, ನೋವು ಅಥವಾ ಊತ ಹೆಚ್ಚಾಗುವುದು, ಹೊಲಿಗೆಯಿಂದ ದ್ರವ ಸೋರುವುದು ಮುಖ್ಯ ಲಕ್ಷಣಗಳು. ಜ್ವರ ಬಂದೇ ಬರುತ್ತದೆ ಎಂದೇನಿಲ್ಲ. ಅನೇಕರಲ್ಲಿ ಇದು ಕಾಣಿಸಿಕೊಳ್ಳುವುದು ಮನೆಗೆ ಮರಳಿದ ಮೇಲೆ, ಕೆಲವೊಮ್ಮೆ ತಿಂಗಳುಗಳ ನಂತರ. ಮುಂಬೈ, ಚೆನ್ನೈನಲ್ಲಿ ಆಪರೇಷನ್ ಮಾಡಿಸಿಕೊಂಡು ವಿಶ್ರಾಂತಿಗೆ ಊರಿಗೆ ಹೋದವರು ಕೆಂಪು ಕಂಡ ಕೂಡಲೇ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ಸರಿಯಲ್ಲ. ಹಾಗೆ ಮಾಡಿದರೆ ನಂತರದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಸಿಗದೇ ಹೋಗಬಹುದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಅದೇ ದಿನ ಫೋಟೊ ಕಳುಹಿಸಿ ಮಾತನಾಡುವುದು ಮೇಲು.

ಮಾತ್ರೆಯಿಂದಲೇ ವಾಸಿಯಾಗದೇ?

ಆರಂಭದಲ್ಲೇ ಗುರುತಿಸಿದರೆ ಆಗಬಹುದು. ಚರ್ಮ ಸ್ವಲ್ಪ ಕೆಂಪಾಗಿದ್ದು, ಉಳಿದಂತೆ ಆರೋಗ್ಯವಾಗಿದ್ದರೆ ಮಾತ್ರೆ ಕೊಟ್ಟು ಒಂದೆರಡು ದಿನದಲ್ಲಿ ಮತ್ತೆ ಪರೀಕ್ಷಿಸುತ್ತಾರೆ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ದಾಖಲಿಸಿ ರಕ್ತನಾಳದ ಮೂಲಕ ಔಷಧ ನೀಡಲಾಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಇಂಪ್ಲಾಂಟ್ ಸುತ್ತ ದ್ರವ ಕಂಡರೆ ಅದನ್ನು ಸೂಜಿಯಿಂದ ತೆಗೆದು ಕಲ್ಚರ್‌ಗೆ ಕಳುಹಿಸುತ್ತಾರೆ. ಹೆಚ್ಚಾಗಿ ಸಿಗುವುದು ಚರ್ಮದ ಮೇಲೆಯೇ ಇರುವ ಸ್ಟ್ಯಾಫಿಲೊಕಾಕಸ್, ಸ್ಯೂಡೊಮೋನಾಸ್‌ನಂಥವೂ ಇರುತ್ತವೆ.

ಸಮಸ್ಯೆ ಇರುವುದು ಇಂಪ್ಲಾಂಟ್‌ನ ಮೇಲ್ಮೈಯಲ್ಲಿ. ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿಕೊಂಡು ಬಯೋಫಿಲ್ಮ್ ಎಂಬ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ಇಂಪ್ಲಾಂಟ್‌ಗೆ ರಕ್ತನಾಳಗಳಿಲ್ಲ, ಹಾಗಾಗಿ ದೇಹದ ರಕ್ಷಣಾ ಕಣಗಳು ಅಲ್ಲಿ ಸುಲಭವಾಗಿ ತಲುಪುವುದಿಲ್ಲ. ಪದರದೊಳಗಿನ ಬ್ಯಾಕ್ಟೀರಿಯಾ ಔಷಧಕ್ಕೂ ಜಗ್ಗುವುದಿಲ್ಲ. ಮಾತ್ರೆ ನಿಲ್ಲಿಸಿದ ಕೂಡಲೇ ಕೆಂಪು ಮರುಕಳಿಸುವುದು ಇದಕ್ಕೇ.

ಹೀಗಾದಾಗ ಶಸ್ತ್ರಚಿಕಿತ್ಸೆ ಅನಿವಾರ್ಯ. ಹಿಂದೆ ಇಂಪ್ಲಾಂಟ್ ತೆಗೆಯುವುದೊಂದೇ ದಾರಿಯಾಗಿತ್ತು. ಈಗ ಆಯ್ದ ರೋಗಿಗಳಲ್ಲಿ ಹಳೆಯದನ್ನು ತೆಗೆದು, ಒಳಗಿನ ಜಾಗವನ್ನು ಕೆರೆದು, ಚೆನ್ನಾಗಿ ತೊಳೆದು, ಅದೇ ಆಪರೇಷನ್‌ನಲ್ಲಿ ಹೊಸ ಇಂಪ್ಲಾಂಟ್ ಅಥವಾ ಎಕ್ಸ್‌ಪ್ಯಾಂಡರ್ ಇಡುತ್ತಾರೆ. ಮೇಲಿನ ಚರ್ಮ ಗಟ್ಟಿಯಾಗಿದ್ದು, ಸೋಂಕು ಬೇಗ ಪತ್ತೆಯಾಗಿದ್ದರೆ ಇದು ಫಲಿಸುವ ಸಾಧ್ಯತೆ ಹೆಚ್ಚು. ರಕ್ತಕ್ಕೆ ಸೋಂಕು ಹರಡಿದ್ದರೆ ಅಥವಾ ಚರ್ಮ ಕೊಳೆತು ಇಂಪ್ಲಾಂಟ್ ಹೊರಗೆ ಕಾಣುತ್ತಿದ್ದರೆ ಸಾಮಾನ್ಯವಾಗಿ ತೆಗೆದುಹಾಕುವುದೇ ಸುರಕ್ಷಿತ.

ಔಷಧ ಕೊಟ್ಟರೂ ಗುಣವಾಗದೆ, ಕಲ್ಚರ್‌ನಲ್ಲೂ ಏನೂ ಸಿಗದಿದ್ದರೆ ಕ್ಷಯದ ರೋಗಾಣುವಿನ ಸಂಬಂಧಿಗಳಾದ ಇತರ ಮೈಕೊಬ್ಯಾಕ್ಟೀರಿಯಾಗಳ ಬಗ್ಗೆ ಅನುಮಾನಿಸಬೇಕಾಗುತ್ತದೆ. ನೀರು, ಮಣ್ಣಿನಲ್ಲಿರುವ ಇವು ಸಾಮಾನ್ಯ ಕಲ್ಚರ್‌ನಲ್ಲಿ ತಪ್ಪಿಹೋಗಬಹುದು, ಪ್ರತ್ಯೇಕ ಪರೀಕ್ಷೆ ಕೇಳಬೇಕು. ಇದು ಖಚಿತವಾದರೆ ಇಂಪ್ಲಾಂಟ್ ತೆಗೆದು ತಿಂಗಳುಗಟ್ಟಲೆ ಹಲವು ಔಷಧಗಳನ್ನು ಒಟ್ಟಿಗೆ ಕೊಡಲಾಗುತ್ತದೆ.

ಡ್ರೈನ್ ಪೈಪ್ ಇರುವಷ್ಟು ದಿನವೂ ಮುನ್ನೆಚ್ಚರಿಕೆಗಾಗಿ ಆ್ಯಂಟಿಬಯಾಟಿಕ್ ಬರೆದುಕೊಡುವ ರೂಢಿ ಹಲವೆಡೆ ಇದೆ. ಆದರೆ ಅಮೆರಿಕದ ಸಿಡಿಸಿಯ 2017ರ ಮಾರ್ಗಸೂಚಿ, ಇಂಥ ಶುದ್ಧ ಶಸ್ತ್ರಚಿಕಿತ್ಸೆಗಳಲ್ಲಿ ಗಾಯ ಹೊಲಿದ ಮೇಲೆ, ಡ್ರೈನ್ ಇದ್ದರೂ ಹೆಚ್ಚುವರಿ ಡೋಸ್ ಬೇಡ ಎನ್ನುತ್ತದೆ.

ಇಂಪ್ಲಾಂಟ್ ಉಳಿಸುವ ಹಟಕ್ಕಿಂತ ದೊಡ್ಡ ಲೆಕ್ಕಾಚಾರವೊಂದಿದೆ. ಸೋಂಕು ಇರುವಾಗ ಕಿಮೋಥೆರಪಿ ಮುಂದೂಡಬೇಕಾಗುತ್ತದೆ. ಕಿಮೋ ತುರ್ತಾಗಿ ಬೇಕಿರುವವರಿಗೆ ಇಂಪ್ಲಾಂಟ್ ತೆಗೆದು ಗಾಯ ಬೇಗ ಮಾಗಿಸುವುದೇ ಎಷ್ಟೋ ಸಲ ಸರಿಯಾದ ತೀರ್ಮಾನ. ಎರಡನೇ ಬಾರಿ ಸ್ತನ ಕಳೆದುಕೊಂಡ ನೋವು ಸಣ್ಣದಲ್ಲ, ನಿಜ. ಆದರೂ ಸಾಮಾನ್ಯವಾಗಿ 3ರಿಂದ 6 ತಿಂಗಳ ನಂತರ ಮರುನಿರ್ಮಾಣಕ್ಕೆ ಮತ್ತೆ ಪ್ರಯತ್ನಿಸಬಹುದು. ರೇಡಿಯೇಷನ್ ಆಗಿದ್ದವರಿಗೆ ಹೊಟ್ಟೆ ಅಥವಾ ಬೆನ್ನಿನ ಅಂಗಾಂಶ ಬಳಸುವ ವಿಧಾನವನ್ನು ವೈದ್ಯರು ಹೆಚ್ಚಾಗಿ ಸೂಚಿಸುತ್ತಾರೆ.