ಜಾಮೀನು ಕೊಡೋರು ಯಾರು?

ಕಾಯಿಲೆ ಬಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಕ್ಷರ ಬಾರದ ನಮ್ಮ ಅವ್ವಂದಿರಿಗೂ ಗೊತ್ತಿದ್ದ ಮಾತು ಇದು. ಆದರೆ ಈ ದೇಶದಲ್ಲಿ ಬಡವರ ಮನಸ್ಸಿಗೆ ಕಾಯಿಲೆ ಬಂದರೆ ಅವರನ್ನು ಮೊದಲು ಎಳೆದುಕೊಂಡು ಹೋದದ್ದು ಪೊಲೀಸ್ ಠಾಣೆಗೆ. ಸಿಟ್ಟಿಗೆ ಆಡಿದ ಮಾತಲ್ಲ ಇದು, ಕಾನೂನಿನ ಪುಸ್ತಕದಲ್ಲೇ ಬರೆದಿಟ್ಟ ಚರಿತ್ರೆ.

ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದದ್ದು 1858ರಲ್ಲಿ. ಹುಚ್ಚರ ಬಗ್ಗೆ ಕಾಯ್ದೆಗಳು ಬಂದದ್ದೂ ಅದೇ ವರ್ಷ. ಬೀದಿಯಲ್ಲಿ ಅಲೆಯುವ ಹುಚ್ಚರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅಂತ ಆಯಿತು. 1912ರ ಲೂನಸಿ ಆಕ್ಟ್ ಅದನ್ನೇ ಮುಂದುವರಿಸಿತು. ಬೀದಿಯಲ್ಲಿ ಅಲೆಯೋರು ಯಾರು? ಉಳ್ಳವರ ಹುಚ್ಚಿಗೆ ತೊಟ್ಟಿಮನೆಯ ಹಿಂದಿನ ಕೋಣೆ ಇತ್ತು, ಮನೆಗೇ ಬರುವ ವೈದ್ಯ ಇದ್ದ. ಹಟ್ಟಿಯವರ ಹುಚ್ಚಿಗೆ ಇದ್ದದ್ದು ಬೀದಿ ಒಂದೇ. ಬೀದಿಯಲ್ಲಿದ್ದದ್ದೇ ಅಪರಾಧ ಆಯ್ತು. ಆಸ್ಪತ್ರೆಯಲ್ಲಿ ಜಾಗ ಇಲ್ಲ ಅಂದ ಕಡೆ ಜೈಲಿಗೇ ದೂಡಿದರು. ಏನೂ ತಪ್ಪು ಮಾಡದೆ ಒಳಗೆ ಬಿದ್ದವರಿಗೆ ಸರ್ಕಾರ ಒಂದು ಹೆಸರು ಇಟ್ಟಿತು: 'ಅಪರಾಧಿಗಳಲ್ಲದ ಹುಚ್ಚರು'. ಅಪರಾಧಿಗಳಲ್ಲ ಅಂತ ತಾನೇ ಬರೆದುಕೊಂಡು ತಾನೇ ಬೀಗ ಹಾಕಿತು.

ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲೇ 'ಮೆಂಟಲ್ ಹಾಸ್ಪಿಟಲ್' ಅಂತ ಹೊಸ ಹೆಸರು ಬಂತು. 1974ರಲ್ಲಿ ಅದು ನಿಮ್ಹಾನ್ಸ್ ಒಳಗೆ ಸೇರಿತು. ಬೋರ್ಡು ಬದಲಾಯಿತು. ಆದರೆ 1912ರ ಕಾಯ್ದೆ ಹೋಗಿ 1987ರ ಹೊಸ ಕಾಯ್ದೆ ಜಾರಿಗೆ ಬರೋದಕ್ಕೆ 1993ನೇ ಇಸವಿ ಆಗಬೇಕಾಯಿತು.

ಒಂದು ನಿಯಮವನ್ನು ಇಲ್ಲಿ ಬಿಡಿಸಿ ನೋಡೋಣ. ಆರೋಪಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂದರೆ ವಿಚಾರಣೆ ನಿಲ್ಲಬೇಕು. ಇದು ಸರಿಯೇ. ತನ್ನ ಪರವಾಗಿ ತಾನು ಬಾಯಿ ಬಿಡಲಾರದವನನ್ನು ವಿಚಾರಿಸೋದು ನ್ಯಾಯ ಅಲ್ಲ. ಆದರೆ ನಿಂತ ವಿಚಾರಣೆ ಮತ್ತೆ ಶುರುವಾಗಬೇಕಾದರೆ 'ವಾಸಿಯಾಗಿದೆ' ಅಂತ ಡಾಕ್ಟರು ಬರೆಯಬೇಕು, ಆ ಕಾಗದ ಕೋರ್ಟಿಗೆ ಮುಟ್ಟಬೇಕು. ಅಲ್ಲೀತನಕ ಹೊರಗಿರಬೇಕಾದರೆ 'ನಾವು ನೋಡಿಕೊಳ್ತೇವೆ' ಅಂತ ಯಾರಾದರೂ ಜಾಮೀನು ನಿಲ್ಲಬೇಕು. ಬೇಕಾದವರು ಇಬ್ಬರೇ, ಒಬ್ಬ ಡಾಕ್ಟರು, ಒಬ್ಬ ಜಾಮೀನುದಾರ. ಬಡವನಿಗೆ ಇಬ್ಬರೂ ಇಲ್ಲ. ಕಾಯಿಲೆ ವಾಸಿಯಾಯಿತು, ಜೈಲು ವಾಸಿಯಾಗಲಿಲ್ಲ.

ಬಿಹಾರದ ಹಜಾರಿಬಾಗ್ ಜೈಲಿನಲ್ಲಿ ಇದೇ ನಡೆಯಿತು. ಬುದ್ಧಿ ಸರಿಯಾದ ಮೇಲೂ ಇಪ್ಪತ್ತು, ಮೂವತ್ತು ವರ್ಷ ಕೊಳೆತವರು ಅಲ್ಲಿದ್ದರು. ಅಲ್ಲಿನ ಉಚಿತ ಕಾನೂನು ನೆರವು ಸಮಿತಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆಯಿತು. 1982ರಲ್ಲಿ ಕೋರ್ಟು ಅವರನ್ನು ಬಿಡಿಸಿತು, ಊರಿಗೆ ಹೋಗುವ ಖರ್ಚು, ಒಂದು ವಾರದ ಅನ್ನದ ಖರ್ಚು ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಮೂವತ್ತು ವರ್ಷದ ಲೆಕ್ಕ ಒಂದು ವಾರದ ಅನ್ನದಲ್ಲಿ ಚುಕ್ತಾ.

ಅದೇ ಬಿಹಾರದ ರುದುಲ್ ಸಾಹ್ ಅವರನ್ನು 1968ರ ಜೂನ್‌ನಲ್ಲಿ ಕೋರ್ಟು ನಿರಪರಾಧಿ ಅಂತ ಬಿಟ್ಟಿತು. ಜೈಲು ಬಿಟ್ಟದ್ದು 1982ರ ಅಕ್ಟೋಬರಿನಲ್ಲಿ. ಯಾಕೆ ಅಂತ ಕೇಳಿದರೆ 'ಹುಚ್ಚು ಹಿಡಿದಿತ್ತು' ಅಂದರು. ಹುಚ್ಚು ಅಂತ ಹೇಳಿದ್ದು ಯಾವ ಆಧಾರದ ಮೇಲೆ, ಕೊಟ್ಟ ಔಷಧಿ ಏನು? ಸರ್ಕಾರದ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟು ಇನ್ನೂ 30,000 ರೂಪಾಯಿ ಪರಿಹಾರ ಕೊಡಿಸಿತು.

ಅಸ್ಸಾಮಿನ ಆದಿವಾಸಿ ಮಚಾಲ್ ಲಾಲುಂಗ್ 1951ರಲ್ಲಿ ಜೈಲು ಸೇರಿದಾಗ ಇಪ್ಪತ್ಮೂರರ ಹುಡುಗ. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. 1967ರಲ್ಲಿ ಆಸ್ಪತ್ರೆಯವರು ವಾಸಿಯಾಗಿದೆ ಅಂದರು. ಕಳಿಸಿದ್ದು ಊರಿಗಲ್ಲ, ಮತ್ತೆ ಜೈಲಿಗೆ. ವಿಚಾರಣೆಯೇ ನಡೆಯದೆ 54 ವರ್ಷ ಕಳೆದು, 2005ರಲ್ಲಿ ಒಂದು ರೂಪಾಯಿ ಜಾಮೀನಿನ ಮೇಲೆ ಹೊರಗೆ ಬಂದರು. ಆ ಒಂದು ರೂಪಾಯಿ 1951ರಲ್ಲೂ ಇತ್ತಲ್ಲ ಸ್ವಾಮಿ?

ಇನ್ನು ಕುಡಿತ. ಇಲ್ಲೂ ಬೀದಿಯದೇ ಕಥೆ. 1860ರ ದಂಡಸಂಹಿತೆ, ಕುಡಿದು ಸಾರ್ವಜನಿಕ ಜಾಗದಲ್ಲಿ ತೊಂದರೆ ಕೊಟ್ಟವನಿಗೆ 24 ಗಂಟೆವರೆಗೆ ಜೈಲು, ಇಲ್ಲಾ ಹತ್ತು ರೂಪಾಯಿವರೆಗೆ ದಂಡ, ಇಲ್ಲಾ ಎರಡೂ ಅಂದಿತು. ಕ್ಲಬ್ಬಿನಲ್ಲಿ ಕುಡಿದವನು ಗಾಡಿಯಲ್ಲಿ ಮನೆ ಸೇರಿದ. ಕೂಲಿ ಮಾಡಿ ಕುಡಿದವನು ಲಾಕಪ್ ಸೇರಿದ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1878ರ ಅಬಕಾರಿ ಕಾಯ್ದೆ ಬಂತು. ಲೈಸೆನ್ಸಿಲ್ಲದೆ ಹೆಂಡ ಇಳಿಸಿದವನು ಕಳ್ಳ, ಕಂತ್ರಾಟು ಹಿಡಿದವನು ದಣಿ. ಮಾರಿದ ದುಡ್ಡು ಖಜಾನೆಗೆ, ಕುಡಿದ ಮೈ ಠಾಣೆಗೆ. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿ ನಿಲ್ಲಿಸಿತು. ಮದ್ಯದ ಸಗಟು ವ್ಯಾಪಾರಕ್ಕೆ ಮಾತ್ರ 2003ರಲ್ಲೇ ತನ್ನದೇ ನಿಗಮ ಮಾಡಿಕೊಂಡಿತ್ತು. 2024ರ ಜುಲೈನಲ್ಲಿ ದಂಡಸಂಹಿತೆ ಹೋಗಿ ನ್ಯಾಯಸಂಹಿತೆ ಬಂತು. ಸಮುದಾಯ ಸೇವೆಗೂ ದಾರಿ ಬಿಟ್ಟರು, ಸರಿ. ಆದರೆ ದಂಡ ಹತ್ತರಿಂದ ಸಾವಿರಕ್ಕೆ ಏರಿತು. ಕುಡಿತ ಕಾಯಿಲೆ ಅಂತ ಡಾಕ್ಟರು ಹೇಳ್ತಾರೆ. ಕಾಯಿಲೆಗೆ ದಂಡ ಹಾಕಿ ವಾಸಿ ಮಾಡಿದವರನ್ನು ನಾವು ಕಾಣೆವು.

ಒಳಗಿರೋರ ಸ್ಥಿತಿ ಏನು? ಬೆಂಗಳೂರಿನ ಪರಪ್ಪನ ಅಗ್ರಹಾರದ ಜೈಲಿನಲ್ಲಿ 5,024 ಕೈದಿಗಳನ್ನು ನಿಮ್ಹಾನ್ಸ್ ಡಾಕ್ಟರುಗಳು ನೋಡಿದರು. ವರದಿ ಬಂದದ್ದು 2011ರಲ್ಲಿ. ಮಾನಸಿಕ ಕಾಯಿಲೆ, ಇಲ್ಲವೇ ಮಾದಕ ವಸ್ತುವಿನ ತೊಂದರೆ, ಎರಡರಲ್ಲಿ ಒಂದಾದರೂ ಇದ್ದವರು ನೂರಕ್ಕೆ 79.6. ಇದಾದ ಮೇಲೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಏನು ಹೇಳುತ್ತೆ? ಪ್ರತಿ ಮೂರು ತಿಂಗಳಿಗೊಮ್ಮೆ ಜೈಲಿನ ವೈದ್ಯಾಧಿಕಾರಿ, ಇಲ್ಲಿ ಮಾನಸಿಕ ಕಾಯಿಲೆಯ ಕೈದಿಗಳು ಇಲ್ಲ ಅಂತ ಮಂಡಳಿಗೆ ಪ್ರಮಾಣಪತ್ರ ಕಳಿಸಬೇಕು. ಎಷ್ಟು ಜನ ಇದ್ದಾರೆ ಅಂತ ಅಲ್ಲ, ಇಲ್ಲ ಅಂತ! ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನಲ್ಲಾದರೂ ಮಾನಸಿಕ ಚಿಕಿತ್ಸೆಯ ವಿಭಾಗ ಇರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ.

ಒಳ್ಳೆಯ ಮಾತುಗಳು ಕಾಯ್ದೆಯಲ್ಲಿ ಇಲ್ಲದೆ ಇಲ್ಲ. ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿ ಇಡೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ. ಅದು ಶೀಲಾ ಬರ್ಸೆ ಎಂಬ ಪತ್ರಕರ್ತೆ ಹಾಕಿದ ಮೊಕದ್ದಮೆ. 1985ರ ಮಾದಕ ವಸ್ತು ಕಾಯ್ದೆಯಲ್ಲೂ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಲು ಕೋರ್ಟಿಗೆ ಅವಕಾಶ ಇದೆ. ಆದರೆ ಅದನ್ನು ಓದಿ ಹೇಳೋರು ಬೇಕು, ಕೇಳೋರು ಬೇಕು.

ಗೆಳೆಯರೇ, ನಮ್ಮ ಅಪ್ಪಂದಿರು ಏನು ಬರೆದಿದೆ ಅಂತ ತಿಳಿಯದೆ ಹೆಬ್ಬೆಟ್ಟು ಒತ್ತಿದರು. ನಾವು ಓದಬಲ್ಲೆವು. ಹಜಾರಿಬಾಗಿನ ಬಾಗಿಲು ತೆಗೆದದ್ದು ಒಂದು ಪತ್ರ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ನಮ್ಮ ನಮ್ಮ ಜಿಲ್ಲೆಯ ಜೈಲಿಗೆ ಬರೆಯೋಣ. ಬುದ್ಧಿ ಸರಿಯಿಲ್ಲ ಅಂತ ವಿಚಾರಣೆ ನಿಂತವರು ಎಷ್ಟು ಜನ? ಯಾವ ವರ್ಷದಿಂದ? ಡಾಕ್ಟರು ಕೊನೆಗೆ ನೋಡಿದ್ದು ಯಾವಾಗ? ಜಾಮೀನು ಕೊಡೋರು ಇಲ್ಲದೆ ಒಳಗೇ ಉಳಿದವರು ಎಷ್ಟು?

ಉತ್ತರ ಬಂದ ಮೇಲೆ, ಜಾಮೀನು ಕೊಡೋಕೆ ನಾವೇ ಹೋಗಬೇಕು.