ದ್ವೀಪರಾಷ್ಟ್ರಗಳ ಸ್ನೇಹ, ದೇಶದ ಕಾನೂನು ಮತ್ತು ರೋಣ ಸೀಮೆಯ ಉಳ್ಳಾಗಡ್ಡಿ

ವಿಷಯದ ಸ್ವರೂಪ

ಶ್ರೀಲಂಕಾ ಮತ್ತು ಮಾಲ್ದೀವ್ಸ್ ಭಾರತಕ್ಕೆ ಅತ್ಯಂತ ಸಮೀಪದ ದ್ವೀಪರಾಷ್ಟ್ರಗಳು. ಹಿಂದೂ ಮಹಾಸಾಗರದಲ್ಲಿ ಇನ್ನಷ್ಟು ದೂರ ಸಾಗಿದರೆ ಮಾರಿಷಸ್ ಸಿಗುತ್ತದೆ. ಈ ದೇಶಗಳೊಂದಿಗಿನ ಬಾಂಧವ್ಯವನ್ನು ಜನರು ನಾಯಕರ ಭೇಟಿ ಮತ್ತು ಜಂಟಿ ಹೇಳಿಕೆಗಳಿಂದ ಗುರುತಿಸುತ್ತಾರೆ. ಆದರೆ ಸರ್ಕಾರಗಳು ಬದಲಾದ ಮೇಲೂ ಬಾಂಧವ್ಯ ಉಳಿಯಬೇಕಾದರೆ ಅದಕ್ಕೆ ಕಾನೂನಿನ ಆಧಾರ ಬೇಕು. ಕಡಲಿನ ಗಡಿ ಎಲ್ಲಿ ಹಾದುಹೋಗುತ್ತದೆ, ಯಾರು ಯಾವ ದೇಶದ ಪ್ರಜೆ, ಯಾವ ಸರಕು ಎಷ್ಟು ಸುಂಕ ತೆತ್ತು ದಾಟಬಹುದು ಎಂಬ ಮೂರು ಪ್ರಶ್ನೆಗಳಿಗೂ ಕಾನೂನೇ ಉತ್ತರ ಕೊಡಬೇಕು. ಭಾರತದಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ಹಲವು ಕಾಯ್ದೆಗಳು ಸೇರಿ ಈ ಕೆಲಸ ಮಾಡುತ್ತವೆ. ಕಡಲಿನಿಂದ ದೂರವಿರುವ ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಎರೆಹೊಲಗಳಿಗೂ ಅವುಗಳಲ್ಲೊಂದು ನೇರವಾಗಿ ತಟ್ಟುತ್ತದೆ.

ಸಂವಿಧಾನದ ಆಧಾರ

ಸಂವಿಧಾನದ 51ನೇ ವಿಧಿಯು ಅಂತರರಾಷ್ಟ್ರೀಯ ಶಾಂತಿಯನ್ನು ಬೆಳೆಸುವುದನ್ನೂ ಒಪ್ಪಂದಗಳನ್ನು ಗೌರವಿಸುವುದನ್ನೂ ರಾಜ್ಯನೀತಿಯ ನಿರ್ದೇಶಕ ತತ್ವವಾಗಿ ಹೇಳುತ್ತದೆ. ವಿದೇಶ ವ್ಯವಹಾರ, ಒಪ್ಪಂದ ಮತ್ತು ವಿದೇಶಿ ವ್ಯಾಪಾರಗಳು ಕೇಂದ್ರ ಪಟ್ಟಿಯ 10, 14 ಮತ್ತು 41ನೇ ನಮೂದುಗಳಲ್ಲಿವೆ. ಒಪ್ಪಂದವನ್ನು ಜಾರಿಗೆ ತರಲು ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಮಾಡಬಹುದೆಂದು 253ನೇ ವಿಧಿ ಹೇಳುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವುದು ಕೇಂದ್ರ ಸರ್ಕಾರದ ಕೆಲಸ. ಆದರೆ ಆ ಒಪ್ಪಂದವು ಪ್ರಜೆಗಳ ಹಕ್ಕನ್ನಾಗಲಿ ಜಾರಿಯಲ್ಲಿರುವ ಕಾನೂನನ್ನಾಗಲಿ ಬದಲಿಸುವುದಾದರೆ ಸಂಸತ್ತಿನ ಶಾಸನ ಬೇಕಾಗುತ್ತದೆ. ದೇಶದ ಭೂಭಾಗವನ್ನೇ ಬಿಟ್ಟುಕೊಡುವುದಾದರೆ ಸಂವಿಧಾನಕ್ಕೇ ತಿದ್ದುಪಡಿ ಆಗಬೇಕೆಂದು ಬೆರುಬಾರಿ ಪ್ರಕರಣದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು.

ಕಡಲಿನ ಗಡಿ

ಧನುಷ್ಕೋಡಿಗೂ ಶ್ರೀಲಂಕಾದ ತಲೈಮನ್ನಾರ್‌ಗೂ ನಡುವಿನ ಅಂತರ ಸುಮಾರು 30 ಕಿ.ಮೀ. ಮಾತ್ರ. ಎರಡೂ ದೇಶಗಳು ತಲಾ 12 ನಾಟಿಕಲ್ ಮೈಲಿ ತಮ್ಮದೆಂದರೆ ಹಕ್ಕುಗಳು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ 1974ರ ಜೂನ್‌ನಲ್ಲಿ ಪಾಕ್ ಜಲಸಂಧಿಯ ಗಡಿಯನ್ನೂ 1976ರಲ್ಲಿ ಮನ್ನಾರ್ ಕೊಲ್ಲಿಯ ಗಡಿಯನ್ನೂ ಒಪ್ಪಂದದ ಮೂಲಕ ಗುರುತಿಸಲಾಯಿತು. ಅದೇ ವರ್ಷ ಮಾಲ್ದೀವ್ಸ್ ಜೊತೆಗೂ ಗಡಿ ಒಪ್ಪಂದವಾಯಿತು. 1976ರಲ್ಲೇ ಸಂವಿಧಾನದ 40ನೇ ತಿದ್ದುಪಡಿಯಾಗಿ, ಕಡಲ ವಲಯಗಳ ಕಾಯ್ದೆಯೂ ಬಂತು. ಎದುರುಬದುರು ಇರುವ ದೇಶಗಳ ನಡುವಿನ ಕಡಲಗಡಿಯನ್ನು ಪರಸ್ಪರ ಒಪ್ಪಂದದಿಂದ ನಿರ್ಧರಿಸಬೇಕೆಂದು ಈ ಕಾಯ್ದೆಯ 9ನೇ ಕಲಂ ಹೇಳುತ್ತದೆ.

ಜನರ ಪ್ರಶ್ನೆ

ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ಸುಮಾರು 9,75,000 ಜನರು ಯಾವ ದೇಶಕ್ಕೂ ಸೇರದವರಾಗಿದ್ದರು. ಪ್ರಧಾನಿಗಳಾದ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಅವರು 1964ರ ಅಕ್ಟೋಬರ್‌ನಲ್ಲಿ ಮಾಡಿಕೊಂಡ ಒಪ್ಪಂದದಂತೆ ಭಾರತವು 5,25,000 ಜನರನ್ನೂ ಶ್ರೀಲಂಕಾ 3,00,000 ಜನರನ್ನೂ ಸ್ವೀಕರಿಸಬೇಕಿತ್ತು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಸಮನಾಗಿ ಹಂಚಿಕೊಳ್ಳಲಾಯಿತು. ಒಪ್ಪಂದವನ್ನು ಜಾರಿಗೊಳಿಸಲು ಶ್ರೀಲಂಕಾ 1967ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು.

ಹೀಗೆ ಬಂದವರಲ್ಲಿ ಹಲವು ಕುಟುಂಬಗಳು ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಕಂಡವು. ಎರಡು ರಾಜಧಾನಿಗಳಲ್ಲಿ ಎಣಿಸಿ ಹಂಚಿದ ಆ ಅಂಕಿಗಳಲ್ಲಿ ಒಂದೊಂದೂ ಒಬ್ಬ ಮನುಷ್ಯ ಎಂಬುದು ಆ ತೋಟಗಳ ಲೈನ್‌ಮನೆಗಳನ್ನು ನೋಡಿದರೆ ತಿಳಿಯುತ್ತದೆ.

ವ್ಯಾಪಾರದ ಕಾನೂನು

ಭಾರತ ಮತ್ತು ಶ್ರೀಲಂಕಾ ನಡುವಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್ 28ರಂದು ಸಹಿ ಬಿತ್ತು. 2000ದ ಮಾರ್ಚ್ 1ರಂದು ಅದು ಜಾರಿಗೆ ಬಂತು. ಮಾರಿಷಸ್ ಜೊತೆಗಿನ ಆರ್ಥಿಕ ಸಹಕಾರ ಒಪ್ಪಂದ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಂಥ ಒಪ್ಪಂದಗಳ ಸುಂಕ ರಿಯಾಯಿತಿಗಳನ್ನು 1962ರ ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನಡಿ ಅಧಿಸೂಚನೆ ಹೊರಡಿಸಿ ಜಾರಿಗೆ ತರಲಾಗುತ್ತದೆ.

ರೈತರಿಗೆ ಹೆಚ್ಚು ಸಂಬಂಧಿಸಿದ್ದು 1992ರ ವಿದೇಶಿ ವ್ಯಾಪಾರ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ. ರಾಜ್ಯಪತ್ರದಲ್ಲಿ ಆದೇಶ ಪ್ರಕಟಿಸಿ ಯಾವುದೇ ಸರಕಿನ ಆಮದು ಅಥವಾ ರಫ್ತನ್ನು ನಿಷೇಧಿಸುವ, ಮಿತಿಗೊಳಿಸುವ ಅಧಿಕಾರವನ್ನು ಇದರ 3ನೇ ಕಲಂ ಕೇಂದ್ರಕ್ಕೆ ಕೊಡುತ್ತದೆ. ರಫ್ತನ್ನು ನಿಷೇಧಿಸಿದ ಮೇಲೂ ನಿರ್ದಿಷ್ಟ ದೇಶವೊಂದಕ್ಕೆ ವಿನಾಯಿತಿ ಕೊಡಲು ಇದೇ ಅಧಿಕಾರ ಬಳಕೆಯಾಗುತ್ತದೆ. ಕಾಯ್ದೆಯಡಿ ಹೊರಡುವ ಆದೇಶಗಳನ್ನು ಸಂಸತ್ತಿನ ಮುಂದೆ ಮಂಡಿಸಬೇಕೆಂದು 19ನೇ ಕಲಂ ವಿಧಿಸುತ್ತದೆ.

ಉಳ್ಳಾಗಡ್ಡಿಯ ಉದಾಹರಣೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮುಖ್ಯ ಬೆಳೆಗಳಲ್ಲಿ ಹೆಸರು, ಕಡಲೆ, ಮೆಣಸಿನಕಾಯಿಗಳ ಜೊತೆಗೆ ಉಳ್ಳಾಗಡ್ಡಿಯೂ ಒಂದು. ಮುಂಗಾರಿನಲ್ಲಿ ಬಿತ್ತಿದ ಉಳ್ಳಾಗಡ್ಡಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕೀಳಲು ಬರುತ್ತದೆ. ಕಿತ್ತ ಗಡ್ಡೆಯನ್ನು ಹೊಲದಲ್ಲೇ ಒಣಗಿಸಿ, ಸೊಪ್ಪು ಕೊಯ್ದು, ದಪ್ಪದ್ದು, ಮಧ್ಯಮದ್ದು, ಗೋಲ್ಟಿ (ಸಣ್ಣದು) ಎಂದು ಬೇರ್ಪಡಿಸಿ ಚೀಲಕ್ಕೆ ತುಂಬುತ್ತಾರೆ. ಅಲ್ಲಿಂದ ಅದು ಗದಗ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಹೋಗುತ್ತದೆ. ಬೇಸಿಗೆಯ ಬೆಳೆಯಂತೆ ಇದನ್ನು ತಿಂಗಳುಗಟ್ಟಲೆ ಇಡಲಾಗದು. ತೇವ ಹಿಡಿದರೆ ಕೊಳೆಯುತ್ತದೆ, ಇಲ್ಲವೇ ಮೊಳಕೆಯೊಡೆಯುತ್ತದೆ. ಆದ್ದರಿಂದ ಕೊಯ್ಲಿನ ವಾರಗಳಲ್ಲಿ ದೆಹಲಿಯಿಂದ ಹೊರಡುವ ಒಂದು ಅಧಿಸೂಚನೆ ರೈತನ ಇಡೀ ವರ್ಷದ ಲೆಕ್ಕವನ್ನೇ ಬದಲಿಸಬಲ್ಲದು.

2023ರಲ್ಲಿ ಆದದ್ದು ಹೀಗೆ. ಬೆಳೆ ಇನ್ನೂ ಹೊಲದಲ್ಲಿದ್ದಾಗಲೇ, ಆಗಸ್ಟ್ 19ರಂದು, ಉಳ್ಳಾಗಡ್ಡಿ ರಫ್ತಿನ ಮೇಲೆ ಶೇ. 40ರ ಸುಂಕ ಬಿತ್ತು. ಡಿಸೆಂಬರ್ 8ರಂದು ರಫ್ತನ್ನೇ ನಿಷೇಧಿಸಲಾಯಿತು. ನಿಷೇಧ ತೆರವಾದದ್ದು 2024ರ ಮೇ 4ರಂದು.

ಈ ನಡುವೆ ನೆರೆಯ ದ್ವೀಪಗಳಿಗೂ ಬಾಗಿಲು ತೆರೆಯಿತು. 1981ರ ವ್ಯಾಪಾರ ಒಪ್ಪಂದದಡಿ ಮಾಲ್ದೀವ್ಸ್‌ಗೆ 2024-25ನೇ ಸಾಲಿನಲ್ಲಿ 35,749 ಟನ್, ಅಂದರೆ ಮೂರೂವರೆ ಲಕ್ಷ ಕ್ವಿಂಟಲ್‌ಗಿಂತ ಹೆಚ್ಚು ಉಳ್ಳಾಗಡ್ಡಿ ಕಳುಹಿಸಲು ಅನುಮತಿ ಸಿಕ್ಕಿತು. ಅದರೊಂದಿಗೆ 1,24,218 ಟನ್ ಅಕ್ಕಿ, 1,09,162 ಟನ್ ಗೋಧಿ ಹಿಟ್ಟು, 64,494 ಟನ್ ಸಕ್ಕರೆ, 224 ಟನ್ ಬೇಳೆ, ಕಟ್ಟಡಕ್ಕೆ ಬೇಕಾದ ಜಲ್ಲಿ ಮತ್ತು ಮರಳು ತಲಾ 10 ಲಕ್ಷ ಟನ್ ಇದ್ದವು. 2024ರ ಏಪ್ರಿಲ್‌ನಲ್ಲಿ ಶ್ರೀಲಂಕಾಕ್ಕೆ 10,000 ಟನ್ ಉಳ್ಳಾಗಡ್ಡಿಗೆ ಅನುಮತಿ ದೊರೆಯಿತು. ಆಗ ಭಾರತ ಮತ್ತು ಮಾಲ್ದೀವ್ಸ್ ಸಂಬಂಧ ಬಿಗಡಾಯಿಸಿತ್ತು. ಭಾರತದ ಸೈನಿಕರು ಹಿಂದಿರುಗಬೇಕೆಂದು ಅಲ್ಲಿನ ಹೊಸ ಸರ್ಕಾರ ಪಟ್ಟು ಹಿಡಿದಿತ್ತು. ಆದರೂ ಆ ವರ್ಷದ ಪ್ರಮಾಣ 1981ರಿಂದೀಚೆಗೆ ಅತಿ ಹೆಚ್ಚಿನದಾಗಿತ್ತು. ರಾಜಕೀಯದ ಮುನಿಸು ಅಡುಗೆಮನೆಗೆ ತಟ್ಟದಂತೆ ಕಾನೂನು ಕಾದ ನಿದರ್ಶನವಿದು. ಬೇಸಾಯದ ಭೂಮಿಯೇ ವಿರಳವಾದ ದೇಶಕ್ಕೆ ಇಂಥ ಭರವಸೆ ದೊಡ್ಡದು, ಅದನ್ನು ಕೊಟ್ಟದ್ದು ಸರಿಯಾದ ನಿರ್ಧಾರ.

ಆದರೆ ನಿಷೇಧದ ಹೊರೆ ಎಲ್ಲ ಬೆಳೆಗಾರರ ಮೇಲೆ ಬೀಳುತ್ತದೆ. ವಿನಾಯಿತಿಯ ಪ್ರಮಾಣವನ್ನು ಯಾವ ಜಿಲ್ಲೆಯಿಂದ ಕೊಳ್ಳಬೇಕೆಂದು ಕಾಯ್ದೆ ಹೇಳುವುದಿಲ್ಲ. ಖರೀದಿದಾರರು ಎಲ್ಲಿ ಬೇಕಾದರೂ ಕೊಳ್ಳಬಹುದು.

ರಾಜ್ಯದ ಪಾತ್ರ

ಕೃಷಿ ಮತ್ತು ಮಾರುಕಟ್ಟೆಗಳು ರಾಜ್ಯ ಪಟ್ಟಿಯಲ್ಲಿವೆ. ಉಳ್ಳಾಗಡ್ಡಿ ಹೊಲದಲ್ಲಿ ಮತ್ತು ಎಪಿಎಂಸಿ ಪ್ರಾಂಗಣದಲ್ಲಿ ಇರುವವರೆಗೆ ರಾಜ್ಯದ ವಿಷಯ. ಬಂದರಿನ ದಾರಿ ಹಿಡಿದರೆ ಕೇಂದ್ರದ ವಿಷಯ. ಈ ವಿಭಜನೆಯೊಳಗೂ ರಾಜ್ಯಕ್ಕೆ ಪಾತ್ರ ಕೊಡಬಹುದೆಂಬುದಕ್ಕೆ ಬೆಂಗಳೂರು ಗುಲಾಬಿ ಈರುಳ್ಳಿ ಸಾಕ್ಷಿ. ಚಿಕ್ಕಬಳ್ಳಾಪುರ ಮತ್ತು ಕೋಲಾರ ಭಾಗದ ಈ ತಳಿಗೆ 2023ರ ಸೆಪ್ಟೆಂಬರ್‌ನಲ್ಲಿ ರಫ್ತು ಸುಂಕದಿಂದ ವಿನಾಯಿತಿ ಸಿಕ್ಕಿತು. ಅದಕ್ಕೆ ಕರ್ನಾಟಕದ ತೋಟಗಾರಿಕಾ ಆಯುಕ್ತರ ಪ್ರಮಾಣಪತ್ರವನ್ನು ಆಧಾರವಾಗಿ ಇಡಲಾಯಿತು.

ನರಗುಂದ ವಿಧಾನಸಭಾ ಕ್ಷೇತ್ರವು ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೂ ಗಜೇಂದ್ರಗಡವನ್ನೊಳಗೊಂಡ ರೋಣ ಕ್ಷೇತ್ರವು ಹಾವೇರಿ ಲೋಕಸಭಾ ಕ್ಷೇತ್ರಕ್ಕೂ ಸೇರಿವೆ. ರಫ್ತು ಆದೇಶಗಳು ಸಂಸತ್ತಿನ ಮುಂದೆ ಬಂದಾಗ ಪ್ರಶ್ನಿಸುವ ಹಕ್ಕು ಈ ಇಬ್ಬರು ಸಂಸದರಿಗಿದೆ. ದ್ವೀಪರಾಷ್ಟ್ರಗಳಿಗೆ ಮೀಸಲಾದ ಉಳ್ಳಾಗಡ್ಡಿಯ ಒಂದು ಪಾಲನ್ನು ಮುಂಗಾರಿನ ಕೊಯ್ಲಿನ ಕಾಲದಲ್ಲಿ ಗದಗ ಜಿಲ್ಲೆಯ ಮಾರುಕಟ್ಟೆಗಳಿಂದಲೂ ಕೊಳ್ಳಬೇಕೆಂದು ಅವರು ಒತ್ತಾಯಿಸಬೇಕು. ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಪ್ರಕಟವಾಗುವ ಈ ಅಧಿಸೂಚನೆಗಳ ಸಾರವನ್ನು ಕೃಷಿ ಮಾರಾಟ ಇಲಾಖೆಯು ಕನ್ನಡದಲ್ಲಿ ಬರೆಸಿ, ಹೊರಬಿದ್ದ ದಿನವೇ ಎಪಿಎಂಸಿ ಫಲಕಗಳಲ್ಲಿ ಹಾಕಿಸಬೇಕು.