ಕೈಯಲ್ಲಿ ಹಿಡಿಯುವ ಪವರ್ ಸ್ಟೇಷನ್

ಪವರ್ ಸ್ಟೇಷನ್ ಎಂದರೆ ಬೆಟ್ಟದಿಂದ ಇಳಿದು ಬರುವ ಆನೆಗಾತ್ರದ ಕೊಳವೆಗಳು, ಒಳಗೆ ಗಿರ್ರನೆ ತಿರುಗುವ ಟರ್ಬೈನುಗಳು, ಹೊರಗೆ ತಲೆಬುರುಡೆಯ ಚಿತ್ರ ತೂಗುಹಾಕಿದ ಬೇಲಿ. ಶರಾವತಿಯ ಸೀಮೆಯಲ್ಲಿ ಬೆಳೆದ ನಮಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಈಗ ಅದೇ ಹೆಸರಿನ, ಹಿಡಿಕೆಯಿರುವ ಪೆಟ್ಟಿಗೆಯೊಂದು ಅಂಗಡಿಯಲ್ಲಿ ಸಿಗುತ್ತದೆ. ಚಕ್ಕುಲಿ ಡಬ್ಬಿಗಿಂತ ತುಸು ದೊಡ್ಡದು. ಬಿಸಿಲಿಗೆ ಫಲಕ ಹರಡಿದರೆ ತುಂಬಿಕೊಳ್ಳುತ್ತದೆ, ಕರೆಂಟು ಹೋದಾಗ ದೀಪ, ಫ್ಯಾನು ನಡೆಸುತ್ತದೆ. ಬೆಟ್ಟದಷ್ಟು ದೊಡ್ಡ ಮಾತು ಪೆಟ್ಟಿಗೆಯೊಳಗೆ ಸೇರಿದ ಕಥೆ ಹೇಳುವಂಥದೇ. ಬೆಳಕು ಯಾರ ಮನೆಗೆ ಮೊದಲು ಬಂತು, ಯಾವ ಕೋಣೆಗೆ ಕೊನೆಗೆ ಬಂತು ಎಂಬ ಲೆಕ್ಕವೂ ಅದರೊಳಗಿದೆ.

ನಮ್ಮ ನಾಡಿನ ಮಟ್ಟಿಗೆ ಕಥೆ ಶುರುವಾಗುವುದು ಶಿವನಸಮುದ್ರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಮುಗಿದು, 1902ರಲ್ಲಿ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿಯಿತು. ಅದು ಹೋದದ್ದು ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಮೊದಲು ಗಣಿ, ಆಮೇಲೆ ಬೀದಿ, ಆಮೇಲೆ ಉಳ್ಳವರ ಮನೆ. ಹಳ್ಳಿಯ ಹೆಂಗಸಿನ ಸರದಿ ಬರಲು ಇನ್ನೂ ಎಷ್ಟೋ ದಶಕ ಕಾಯಬೇಕಾಯಿತು.

ನಮ್ಮ ಸೀಮೆಯಲ್ಲಿ ಇದು ಇನ್ನಷ್ಟು ಕಹಿ. 1948ರಲ್ಲಿ ಜೋಗದ ಕೆಳಗೆ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು, ಗದ್ದೆತೋಟಗಳು ಮುಳುಗಿದವು. ಶರಾವತಿಯ ಹತ್ತು ಯಂತ್ರಗಳು ಒಟ್ಟು 1035 ಮೆಗಾವ್ಯಾಟ್ ಉತ್ಪಾದಿಸುವಷ್ಟು ಬೆಳೆದವು. ನೆಲ ಕಳೆದುಕೊಂಡು ಕಾಡಂಚಿಗೆ ಹೋಗಿ ನೆಲೆಸಿದವರು ಮಾತ್ರ ತಲೆಯ ಮೇಲೆ ತಂತಿ ಹಾದುಹೋಗುವುದನ್ನು ನೋಡುತ್ತ ಸೀಮೆ ಎಣ್ಣೆಯ ಬುಡ್ಡಿಯ ಬೆಳಕಿನಲ್ಲೇ ಅಡಿಗೆ ಮಾಡಿದರು. ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸುವುದು, ಬತ್ತಿ ಕತ್ತರಿಸುವುದು, ರೇಷನ್ ಅಂಗಡಿಯ ಸಾಲಿನಲ್ಲಿ ಡಬ್ಬ ಹಿಡಿದು ನಿಲ್ಲುವುದು, ಎಲ್ಲ ಹೆಂಗಸರ ಪಾಲಿನ ಕೆಲಸವೇ. ಹೊಗೆಯಲ್ಲೂ ದೊಡ್ಡ ಪಾಲು ನಮ್ಮದೇ.

ಕರೆಂಟು ಬಂದ ಮೇಲೆ ಅದು ಹೋಗುವ ಕಥೆ ಶುರುವಾಯಿತು. ಲೋಡ್ ಶೆಡ್ಡಿಂಗ್ ಎಂಬ ಮಾತು ಓದುಬರಹ ಬಾರದ ಅಜ್ಜಿಯರ ಬಾಯಿಗೂ ಬಂತು. ಆಗ ಪೇಟೆಯ ಮನೆಗಳಿಗೆ ಬಂದದ್ದು ಯುಪಿಎಸ್. ಅದರ ಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿಯ ಮೂಲ ಹಳೆಯದು, 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು. ಐವತ್ತು ಕಿಲೋ ಭಾರ, ಮೇಲೆ ಡಿಸ್ಟಿಲ್ಡ್ ವಾಟರಿನ ಉಪಚಾರ. ಯುಪಿಎಸ್ ಲೈನು ಎಳೆಸುವಾಗ ಎಷ್ಟೋ ಮನೆಗಳಲ್ಲಿ ಹಾಲಿಗೆ, ಮಲಗುವ ಕೋಣೆಗೆ, ಟಿ.ವಿ.ಗೆ ಪಾಯಿಂಟು ಸಿಕ್ಕಿತು. ಅಡಿಗೆಮನೆಗೆ ಸಿಕ್ಕಿತೇ? ನಿಮ್ಮ ಮನೆಯ ಗೋಡೆಯನ್ನೇ ಒಮ್ಮೆ ನೋಡಿ.

ಇತ್ತ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಕೆಲಸ ಬೇರೆ ದಾರಿಯಲ್ಲಿ ಸಾಗಿತ್ತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಸೌರಕೋಶವನ್ನು ತೋರಿಸಿದಾಗ ಅದು ಬಿಸಿಲಿನ ನೂರರಲ್ಲಿ ಆರು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತಿತ್ತು. ಅದರಿಂದ ಓಡಿಸಿ ತೋರಿಸಿದ್ದು ಒಂದು ಆಟಿಕೆಯ ಜಾಯಿಂಟ್ ವೀಲನ್ನು. ಈಗಿನ ಒಳ್ಳೆಯ ಫಲಕ ನೂರಕ್ಕೆ ಇಪ್ಪತ್ತು ದಾಟುತ್ತದೆ. 1995ರಲ್ಲಿ ಹರೀಶ್ ಹಂದೆಯವರು ಗೆಳೆಯರೊಡನೆ ಸೆಲ್ಕೋ ಕಟ್ಟಿ, ಬ್ಯಾಂಕುಗಳು ಬಡವರಿಗೂ ಸೋಲಾರ್ ದೀಪಕ್ಕೆ ಸಾಲ ಕೊಡುವಂತೆ ಮಾಡಿದರು. ಆ ಕೆಲಸಕ್ಕೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬ್ಯಾಟರಿ ಹಗುರವಾದದ್ದು 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ. ಆಮೇಲೆ ಅಮೆರಿಕದ ಟೆಕ್ಸಾಸಿನಲ್ಲಿ ಜಾನ್ ಗುಡೆನಫ್ ಅವರ ತಂಡ, 1997ರಲ್ಲಿ ಲಿಥಿಯಂ ಐರನ್ ಫಾಸ್ಫೇಟನ್ನು ಬ್ಯಾಟರಿಗೆ ಬಳಸಬಹುದೆಂದು ಪ್ರಕಟಿಸಿತು. ಈ ಬಗೆ ಬೇಗ ಬೆಂಕಿ ಹತ್ತುವಂಥದಲ್ಲ, ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ಬಾಳುತ್ತದೆ. ಪೆಟ್ಟಿಗೆ ಕೊಳ್ಳುವಾಗ ಕೇಳಬೇಕಾದ ಮೊದಲ ಹೆಸರು ಇದೇ.

ನಾನು ಕೇಳಲು ಹೋದದ್ದು ನಮ್ಮತ್ತೆಯ ಉಬ್ಬಸದ ಸಲುವಾಗಿ. ಆಷಾಢದ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಲೈನು ಹೋದಾಗ, ಎರಡನೆಯ ರಾತ್ರಿಗೇ ಯುಪಿಎಸ್ ಕೂಗಿ ಸುಮ್ಮನಾಯಿತು. ನೆಬುಲೈಜರ್ ಮುಂದಿಟ್ಟುಕೊಂಡು, ಅತ್ತೆಯ ಬೆನ್ನು ನೀವುತ್ತ ಬೆಳಗು ಮಾಡಿದೆವು. ಅಂಗಡಿಯವನು "ಇದು ಏನು ಬೇಕಾದ್ರೂ ಓಡಿಸುತ್ತೆ ಮೇಡಂ" ಎಂದ. ನಾನು ಚೀಟಿ ತೆಗೆದೆ.

ಲೆಕ್ಕ ಕಷ್ಟದ್ದಲ್ಲ. ವ್ಯಾಟ್ ಎಂದರೆ ನಲ್ಲಿಯಲ್ಲಿ ನೀರು ಬೀಳುವ ರಭಸ, ವ್ಯಾಟ್-ಅವರ್ ಎಂದರೆ ಹಂಡೆಯಲ್ಲಿರುವ ನೀರು. ನಮ್ಮ ನೆಬುಲೈಜರಿನ ಹಿಂದೆ 150 ವ್ಯಾಟ್ ಎಂದಿದೆ. ಹತ್ತು ನಿಮಿಷ ನಡೆದರೆ ಖರ್ಚು 25 ವ್ಯಾಟ್-ಅವರ್. ಒಂಬತ್ತು ವ್ಯಾಟಿನ ಎರಡು ಬಲ್ಬು, ಮೂವತ್ತು ವ್ಯಾಟಿನ ಹೊಸ ಬಗೆಯ ಒಂದು ಫ್ಯಾನು ಸೇರಿ ಗಂಟೆಗೆ 48. ಪೆಟ್ಟಿಗೆಯ ಮೇಲೆ 500 ಎಂದಿದ್ದರೂ ಒಳಗೇ ಸೋರುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 425. ಎರಡು ಸಲದ ಔಷಧಿಗೆ 50 ತೆಗೆದಿಟ್ಟರೂ ದೀಪ, ಫ್ಯಾನು ಏಳು ಗಂಟೆ ನಡೆಯುತ್ತವೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಆಸೆ ಬಿಡಬೇಕು. ಮೋಟಾರು ಇರುವ ಯಾವುದೇ ಯಂತ್ರ ಶುರುವಾಗುವಾಗ ಬರೆದದ್ದಕ್ಕಿಂತ ಹೆಚ್ಚು ಎಳೆಯುತ್ತದೆ. ಆದ್ದರಿಂದ ಪೆಟ್ಟಿಗೆಯ ಶಕ್ತಿ ಕನಿಷ್ಠ ಅದರ ಎರಡರಷ್ಟಿರಲಿ, 'ಪ್ಯೂರ್ ಸೈನ್ ವೇವ್' ಎಂದೂ ಬರೆದಿರಲಿ. ಕೊಳ್ಳುವ ಮುಂಚೆ ನಿಮ್ಮ ಯಂತ್ರವನ್ನೇ ಒಯ್ದು ಹಚ್ಚಿ ನೋಡಿ. ನಾನು ಹಾಗೇ ಮಾಡಿದೆ.

ಮಲೆನಾಡಿನವರು ಇನ್ನೊಂದು ಮಾತು ನೆನಪಿಡಬೇಕು. ಕರೆಂಟು ಹೋಗುವುದೂ ಬಿಸಿಲು ಮರೆಯಾಗುವುದೂ ಒಂದೇ ಕಾಲದಲ್ಲಿ. ನೂರು ವ್ಯಾಟಿನ ಫಲಕ ಬೇಸಿಗೆಯ ದಿನದಲ್ಲಿ 400 ವ್ಯಾಟ್-ಅವರಿನ ಹತ್ತಿರ ಕೊಟ್ಟರೆ, ಮೋಡ ಕವಿದ ದಿನ ಅದರ ಐದನೆಯ ಒಂದು ಪಾಲು ಬಂದರೆ ಪುಣ್ಯ. ಆದರೂ ಆ ಎಂಬತ್ತರಲ್ಲಿ ಎರಡು ಸಲದ ಔಷಧಿ ಆಯಿತಲ್ಲ! ಮಳೆಗಾಲಕ್ಕೆ ಮುಂಚೆ ಲೈನಿನಿಂದಲೇ ತುಂಬಿಸಿಡಬೇಕು. ಬಳಸದೆ ಇಟ್ಟಾಗ ಎರಡು ಮೂರು ತಿಂಗಳಿಗೊಮ್ಮೆ ತೆಗೆದು ತುಂಬಿಸಬೇಕು. ಒಲೆಯ ಪಕ್ಕ, ಒದ್ದೆಯಲ್ಲಿ ಇಡಬಾರದು. ಏಳೆಂಟು ಕಿಲೋ ಅಷ್ಟೇ ಆದ್ದರಿಂದ, ಕರೆಂಟಿರುವ ನೆಂಟರ ಮನೆಗೆ ಸ್ಕೂಟರಿನಲ್ಲಿ ಒಯ್ದು ತುಂಬಿಸಿ ತರಲೂಬಹುದು.

ಬೇಸಿಗೆ ರಜದಲ್ಲಿ ಮಕ್ಕಳು ಟೆಂಟಿಗೆಂದು ಅದನ್ನು ಹೊತ್ತುಕೊಂಡು ಹೋಗುತ್ತಾರೆ, ನನ್ನ ಅಡ್ಡಿಯಿಲ್ಲ. ಮೃಗಶಿರಾ ಮಳೆ ಹಿಡಿಯುವಷ್ಟರಲ್ಲಿ ತಂದಿಡಬೇಕು ಎಂಬುದೊಂದೇ ಕರಾರು. ಆಮೇಲೆ ಅದರ ಜಾಗ ಅತ್ತೆಯ ಮಂಚದ ಪಕ್ಕದ ಸ್ಟೂಲು. ಅಲ್ಲಿಂದ ಒಂದು ವಯರು ನೆಬುಲೈಜರಿಗೆ, ಇನ್ನೊಂದು ಅಡಿಗೆಮನೆಯ ಬಲ್ಬಿಗೆ. ಟಿ.ವಿ.ಗೆ ಯುಪಿಎಸ್ ಇದ್ದೇ ಇದೆ.